ಕಾದ ಕೊಳವೆಗೆ ಯಾವ ಲೇಪ?



ಮನೆಯ ಮುಂದೆ ನಿಂತಿರುವ ಹಳೆಯ ಮೋಟಾರ್ ಸೈಕಲೊಂದನ್ನು ಬಗ್ಗಿ ನೋಡಿ. ಎಂಜಿನ್ನಿನಿಂದ ಹೊರಟು ಹಿಂದಿನ ಚಕ್ರದವರೆಗೆ ಹೋಗುವ ಹೊಗೆಕೊಳವೆ ಉದ್ದಕ್ಕೂ ಒಂದೇ ಬಣ್ಣದಲ್ಲಿರುವುದಿಲ್ಲ. ಎಂಜಿನ್ನಿನ ಬುಡದಲ್ಲಿ ನೀಲಿ, ಸ್ವಲ್ಪ ಮುಂದೆ ನೇರಳೆ, ಆಮೇಲೆ ತಿಳಿ ಹೊಂಬಣ್ಣ, ಕೊನೆಗೆ ಸೈಲೆನ್ಸರಿನ ಬೆಳ್ಳಿಯ ಹೊಳಪು. ಅದರ ಅಡಿಯಲ್ಲಿ, ಯಾರೂ ಒರೆಸದ ಜಾಗದಲ್ಲಿ, ಕೆಂಪು ತುಕ್ಕು. ಈ ಒಂದು ಕೊಳವೆಗೆ ಹೊಂದುವ ಹೊರಮೈಯನ್ನು ಹುಡುಕಲು ಮನುಷ್ಯನಿಗೆ ನೂರು ವರ್ಷ ಹಿಡಿದಿದೆ.

ನನಗೆ ಈ ವಿಷಯ ಹತ್ತಿದ್ದು ಒಂದು ಅವಮಾನದಿಂದ. ಆಗ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಅಪ್ಪನ ಹಳೆಯ ಗಾಡಿಯ ಸೈಲೆನ್ಸರ್ ತುಕ್ಕು ಹಿಡಿದಿತ್ತು. ಒಂದು ಭಾನುವಾರ ಉಪ್ಪುಕಾಗದದಿಂದ ಅದನ್ನು ಚೆನ್ನಾಗಿ ಉಜ್ಜಿ, ಗೇಟಿಗೆ ಬಳಿದು ಉಳಿದಿದ್ದ ಕಪ್ಪು ಬಣ್ಣವನ್ನು ಎರಡು ಸಲ ಬಳಿದೆ. ಸಂಜೆಯ ಹೊತ್ತಿಗೆ ಅದು ಅಂಗಡಿಯಿಂದ ಈಗ ತಾನೇ ಬಂದಂತೆ ಮಿರುಗುತ್ತಿತ್ತು. ಮರುದಿನ ಬೆಳಿಗ್ಗೆ ಅಪ್ಪ ಮಾರುಕಟ್ಟೆಗೆ ಹೊರಟರು. ಎರಡನೇ ಕ್ರಾಸ್ ದಾಟುವಷ್ಟರಲ್ಲಿ ದಟ್ಟ ಹೊಗೆ, ಸುಟ್ಟ ಎಣ್ಣೆಯ ನಾತ. ಯಾರೋ "ಗಾಡಿಗೆ ಬೆಂಕಿ ಬಿದ್ದಿದೆ" ಎಂದು ಕೂಗಿದರಂತೆ. ಅಪ್ಪ ಗಾಡಿಯನ್ನು ತಳ್ಳಿಕೊಂಡು ವಾಪಸು ಬಂದರು. ಬಣ್ಣವೆಲ್ಲ ಗುಳ್ಳೆ ಎದ್ದು, ಹೊಪ್ಪಳಿಕೆಯಾಗಿ ಉದುರುತ್ತಿತ್ತು. "ಕೆಮಿಸ್ಟ್ರಿ ಓದ್ತಾ ಇರೋನು ನೀನೇನಾ?" ಎಂದಷ್ಟೇ ಕೇಳಿ ಒಳಗೆ ಹೋದರು. ಆ ಪ್ರಶ್ನೆಗೆ ಉತ್ತರ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಕೊಳವೆಗೆ ಮೂವರು ಶತ್ರುಗಳು

ಮೊದಲನೆಯ ಶತ್ರು ಶಾಖ. ಪೆಟ್ರೋಲ್ ಎಂಜಿನ್ನಿನಿಂದ ಹೊರಬೀಳುವ ಅನಿಲ, ಎಂಜಿನ್ ಪೂರ್ತಿ ಹೊರೆ ಹೊತ್ತಾಗ, ಬುಡದಲ್ಲಿ 700ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಹಿಂದಕ್ಕೆ ಸಾಗಿದಂತೆ ಅದು ತಣಿಯುತ್ತದೆ. ಗೇಟಿನ ಬಣ್ಣವನ್ನು ಹಿಡಿದಿಡುವ ಅಂಟು ಎಣ್ಣೆಯಿಂದ ಮಾಡಿದ ಇಂಗಾಲದ ಸಂಯುಕ್ತ. 200 ಡಿಗ್ರಿ ಮುಟ್ಟುವ ಹೊತ್ತಿಗೆ ಅದು ಸುಡತೊಡಗುತ್ತದೆ. ನಾನು ಬಳಿದದ್ದು ಬಣ್ಣವಲ್ಲ, ಉರುವಲು!

ಎರಡನೆಯ ಶತ್ರು ಅಲುಗಾಟ. ಲೋಹ ಕಾದರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ 500 ಡಿಗ್ರಿಯಷ್ಟು ಹೆಚ್ಚು ಕಾದಾಗ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ, ಆರಿದಾಗ ಮತ್ತೆ ಕುಗ್ಗುತ್ತದೆ. ಅದರ ಮೇಲಿನ ಲೇಪವೂ ಜೊತೆಯಲ್ಲೇ ಹಿಗ್ಗಿ ಕುಗ್ಗದಿದ್ದರೆ ಬಿರುಕು ಬಿಡದೆ ಗತಿಯಿಲ್ಲ.

ಮೂರನೆಯ ಶತ್ರುವನ್ನು ಯಾರೂ ಊಹಿಸುವುದಿಲ್ಲ. ಅದು ನೀರು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿದಾಗ ನೀರಾಗುತ್ತದೆ. ಪಠ್ಯಪುಸ್ತಕದ ಸಮೀಕರಣವನ್ನು ನೀವೇ ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಗಾಡಿ ದೂರ ಓಡಿದರೆ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ಹಾಲಿನ ಬೂತಿಗೆ, ಬೂತಿನಿಂದ ಮನೆಗೆ ಓಡಿಸಿದರೆ ಸೈಲೆನ್ಸರ್ ಕಾಯುವುದೇ ಇಲ್ಲ. ಆವಿ ಒಳಗೇ ತಣಿದು, ಹೊಗೆಯಲ್ಲಿನ ಆಮ್ಲಗಳನ್ನು ಕರಗಿಸಿಕೊಂಡು ತಳದಲ್ಲಿ ನಿಲ್ಲುತ್ತದೆ. ಎಷ್ಟೋ ಸೈಲೆನ್ಸರುಗಳು ಹೊರಗೆ ಹೊಳೆಯುತ್ತಿರುವಾಗಲೇ ಒಳಗಿನಿಂದ ತೂತಾಗುವುದು ಹೀಗೆ.

ಅಡುಗೆಮನೆಯ ಪಾಠ

ಕಾದ ಲೋಹಕ್ಕೆ ಲೇಪ ಹಾಕುವ ವಿದ್ಯೆ ಮೋಟಾರ್ ಗಾಡಿಯೊಂದಿಗೆ ಹುಟ್ಟಿದ್ದಲ್ಲ. ಸೌದೆ ಒಲೆಯ ಮೇಲಿಡುವ ಪಾತ್ರೆಯ ತಳಕ್ಕೆ ನಮ್ಮ ಅಜ್ಜಿಯರು ಮಣ್ಣನ್ನೋ ಬೂದಿಯನ್ನೋ ಕಲಸಿ ಮೆತ್ತುತ್ತಿದ್ದರು. ಹಿತ್ತಾಳೆ ಪಾತ್ರೆಯ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಹಾಗಾದರೆ ಹೊಗೆಕೊಳವೆಗೂ ಕಲಾಯಿ ಹಾಕಬಹುದಲ್ಲವೇ? ಆಗದು. ಕಲಾಯಿ ಎಂದರೆ ತವರ. ತವರ 232 ಡಿಗ್ರಿಯಲ್ಲಿ ಕರಗಿ ಹರಿದುಬಿಡುತ್ತದೆ. ಸಾರು ಕುದಿಯುವುದು ನೂರರ ಆಸುಪಾಸಿನಲ್ಲಿ, ಹಾಗಾಗಿ ಅಡುಗೆಮನೆಯಲ್ಲಿ ಕಲಾಯಿ ಉಳಿಯಿತು. ಬಕೆಟ್ಟಿಗೆ, ತಗಡಿನ ಶೀಟಿಗೆ ಹಾಕುವ ಸತುವೂ ಹಾಗೆಯೇ. ಅದು ಕರಗುವುದು 420 ಡಿಗ್ರಿಯ ಹತ್ತಿರ. ಕೊಳವೆಯ ತಂಪಾದ ತುದಿಗೆ ಅದು ನಡೆದೀತು, ಬುಡಕ್ಕೆ ನಡೆಯದು.

ಮತ್ತೊಂದು ಉದಾಹರಣೆ ಎನಾಮೆಲ್ ಲೋಟ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಬಳಿದು ಕುಲುಮೆಯಲ್ಲಿ ಸುಟ್ಟರೆ ಗಾಜು ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಈ ಲೇಪ ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಬಂದ ಜಾಗ್ವಾರ್ ಕಾರುಗಳ ಎಂಜಿನ್ನುಗಳಲ್ಲಿ ಹೊಗೆ ಒಟ್ಟುಗೂಡುವ ಎರಕದ ಕೊಳವೆಗಳಿಗೆ ಇಂಥದೇ ಕಪ್ಪು ಎನಾಮೆಲ್ ಇರುತ್ತಿತ್ತು. ಆದರೆ ನಿಮ್ಮ ಮನೆಯ ಎನಾಮೆಲ್ ಲೋಟ ಕೈಜಾರಿ ಬಿದ್ದಾಗ ಏನಾಯಿತು ಎಂದು ನೆನಪಿಸಿಕೊಳ್ಳಿ. ಚಕ್ಕೆ ಎದ್ದ ಜಾಗದಲ್ಲಿ ಕಪ್ಪು ಕಲೆ, ಅಲ್ಲಿಂದಲೇ ತುಕ್ಕು. ದಪ್ಪನೆಯ, ಹೆಚ್ಚು ಅಲುಗಾಡದ ಎರಕದ ಕಬ್ಬಿಣಕ್ಕೆ ಗಾಜು ಒಪ್ಪಿತು. ಕಲ್ಲುಮಣ್ಣಿನ ಏಟು ತಿನ್ನುವ ತೆಳು ಕೊಳವೆಗೆ ಅಷ್ಟಾಗಿ ಒಪ್ಪಲಿಲ್ಲ.

ಹೊಳಪಿನ ಕಾಲ

1797ರಲ್ಲಿ ಪ್ಯಾರಿಸ್ಸಿನ ರಸಾಯನ ವಿಜ್ಞಾನಿ ಲೂಯಿ ನಿಕೊಲಾ ವೊಕ್ಲಾಂ ಸೈಬೀರಿಯಾದ ಕೆಂಪು ಅದಿರೊಂದರಲ್ಲಿ ಹೊಸ ಲೋಹವನ್ನು ಪತ್ತೆಮಾಡಿದರು. ಅದರ ಸಂಯುಕ್ತಗಳು ಬಗೆಬಗೆಯ ಬಣ್ಣ ಕೊಡುತ್ತಿದ್ದುದರಿಂದ, ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಕ್ರೋಮಿಯಂ ಎಂಬ ಹೆಸರು ಬಂತು. ಗಟ್ಟಿಯಾದ, ಮಾಸದ ಈ ಲೋಹವನ್ನು ವಿದ್ಯುತ್ತಿನಿಂದ ಬೇರೆ ಲೋಹದ ಮೇಲೆ ಕೂರಿಸಲು ಅನೇಕರು ಯತ್ನಿಸಿದರು. ಒಂದು ದಿನ ಸರಿಯಾಗಿ ಬಂದರೆ ಮರುದಿನ ಬರುತ್ತಿರಲಿಲ್ಲ.

ಗುಟ್ಟು ಬಿಡಿಸಿದ್ದು ಅಮೆರಿಕದಲ್ಲಿ. 1920ರಲ್ಲಿ ಜಾರ್ಜ್ ಸಾರ್ಜೆಂಟ್ ಕ್ರೋಮಿಕ್ ಆಮ್ಲದ ದ್ರಾವಣದ ಬಗ್ಗೆ ವಿವರವಾಗಿ ಬರೆದರು. ನಂತರ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಫಿಂಕ್ ಮತ್ತು ಚಾರ್ಲ್ಸ್ ಎಲ್ಡ್ರಿಜ್ ಆ ದ್ರಾವಣದಲ್ಲಿ ಗಂಧಕಾಮ್ಲದ ಅಂಶ ಸುಮಾರು ನೂರರಲ್ಲಿ ಒಂದು ಪಾಲು ಇರುವಂತೆ ಹದವಾಗಿ ಕಾಯ್ದುಕೊಳ್ಳಬೇಕು ಎಂದು ತೋರಿಸಿಕೊಟ್ಟರು. ಅಡುಗೆಗೆ ಉಪ್ಪಿನ ಹದ ಇದ್ದ ಹಾಗೆ! 1920ರ ದಶಕ ಮುಗಿಯುವ ಹೊತ್ತಿಗೆ ಕಾರುಗಳ ಮೈಮೇಲೆಲ್ಲ ಕ್ರೋಮ್ ಮಿಂಚತೊಡಗಿತು. 1932ರಲ್ಲಿ ಬಂದ ಡ್ಯೂಸೆನ್‌ಬರ್ಗ್ ಎಸ್‌ಜೆ ಕಾರಿನಲ್ಲಂತೂ ಹೊಗೆಕೊಳವೆಗಳನ್ನು ಬಾನೆಟ್ಟಿನ ಪಕ್ಕದಿಂದ ಹೊರಗೇ ತಂದು, ಆಭರಣದಂತೆ ಹೊಳೆಯಿಸಿ ತೋರಿಸಿದರು. ಅಡಗಿಸಿಡುತ್ತಿದ್ದ ಕೊಳವೆ ಶೋಕಿಯ ವಸ್ತುವಾಯಿತು.

ಈ ಶೋಕಿ ನಮ್ಮ ನಾಡಿಗೂ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾ ಮೂಲದ ಜಾವಾ ಮೋಟಾರ್ ಸೈಕಲುಗಳು ತಯಾರಾದವು. 1973ರಿಂದ ಅವುಗಳ ಹೆಸರು ಯೆಜ್ಡಿ. ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಕ್ರೋಮ್ ಸೈಲೆನ್ಸರ್ ಅದರ ಗುರುತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಆ ಜೋಡಿ ಸೈಲೆನ್ಸರನ್ನು ಮತ್ತೆ ಹೊಳೆಯಿಸಲು ಪ್ಲೇಟಿಂಗ್ ಅಂಗಡಿ ಹುಡುಕುವ ಅಭಿಮಾನಿಗಳು ಇಂದಿಗೂ ಇದ್ದಾರೆ.

ಇಲ್ಲೊಂದು ಸ್ವಾರಸ್ಯವಿದೆ. ಅಲಂಕಾರದ ಕ್ರೋಮ್ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಇರುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಉಕ್ಕನ್ನು ನಿಜವಾಗಿ ಕಾಯುವುದು ಅದರ ಕೆಳಗಿರುವ, ಹತ್ತಾರು ಪಟ್ಟು ದಪ್ಪನೆಯ ನಿಕ್ಕಲ್ ಪದರ. ಹೊಳೆಯುವವನು ಒಬ್ಬ, ದುಡಿಯುವವನು ಇನ್ನೊಬ್ಬ! ಕ್ರೋಮಿಯಂ ಉಕ್ಕಿನಷ್ಟು ಹಿಗ್ಗುವುದೂ ಇಲ್ಲ. ಬಿಸಿ ಹೆಚ್ಚಿರುವ ಬುಡದಲ್ಲಿ ಅದು ಬಣ್ಣಗೆಡುವುದೂ ಉಂಟು.

ಆ ನೀಲಿ, ಹೊಂಬಣ್ಣ ಎಲ್ಲಿಂದ ಬಂತು? ಕಾದ ಲೋಹ ಗಾಳಿಯ ಆಮ್ಲಜನಕದೊಡನೆ ಸೇರಿ ತೆಳುವಾದ ಆಕ್ಸೈಡ್ ಪೊರೆಯನ್ನು ಬೆಳೆಸುತ್ತದೆ. ಮಳೆನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವ ಬಣ್ಣಗಳಂತೆಯೇ ಇವೂ ಪೊರೆಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತವೆ. ಸಾದಾ ಉಕ್ಕಿನಲ್ಲಿ ಹೊಂಬಣ್ಣ 220 ಡಿಗ್ರಿಯ ಸುತ್ತ, ನೇರಳೆ 280ರ ಸುತ್ತ, ನೀಲಿ 300ರ ಸುತ್ತ ಮೂಡುತ್ತದೆ. ಕ್ರೋಮಿಯಂ ಇದ್ದರೆ ಇನ್ನೂ ಹೆಚ್ಚು ಬಿಸಿ ಬೇಕು. ಉಳಿಗೆ ಹದ ಕೊಡುವ ಕಮ್ಮಾರರು ಈ ಬಣ್ಣಗಳನ್ನು ನೋಡಿಯೇ ಬಿಸಿಯನ್ನು ಅಳೆಯುತ್ತಿದ್ದರು.

ಹೊಳಪಿನ ಬೆಲೆ

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಮ್ಮ ತಂಡ ಒಂದು ಸಣ್ಣ ಪ್ಲೇಟಿಂಗ್ ಘಟಕಕ್ಕೆ ಹೋಗಿತ್ತು. ಕಿತ್ತಳೆ ಕಂದು ಬಣ್ಣದ ದ್ರಾವಣ ತುಂಬಿದ ತೊಟ್ಟಿ, ಅದರಿಂದ ಏಳುವ ಸಣ್ಣ ತುಂತುರು. ಮಾಸಿದ ಕೊಳವೆಯನ್ನು ಇಳಿಸಿ ಕನ್ನಡಿಯಂತೆ ಮೇಲೆತ್ತುವ ದೃಶ್ಯ ಸೊಗಸಾಗಿತ್ತು. ಕ್ಯಾಮೆರಾ ಹತ್ತಿರ ಹೋದಾಗ ಅಲ್ಲಿದ್ದ ಹಿರಿಯ ಕೆಲಸಗಾರರು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ಕೈ ಬೇಡ ಸಾರ್, ತೊಟ್ಟಿ ತೋರ್ಸಿ, ಸಾಕು" ಎಂದರು. ಬೆರಳುಗಳ ಗೆಣ್ಣಿನ ಮೇಲೆ ಗುಂಡಗಿನ, ಕೊರೆದಂತಹ ಹಳೆಯ ಗಾಯದ ಗುರುತುಗಳಿದ್ದವು. ಅವರ ಮಾತಿನಂತೆ ನಾವು ತೊಟ್ಟಿಯನ್ನಷ್ಟೇ ತೋರಿಸಿದೆವು. ಪರದೆಯ ಮೇಲೆ ಬರದ ಆ ಸಂಗತಿಯನ್ನು ಇಲ್ಲಿಯಾದರೂ ಹೇಳಬೇಕು.

ತೊಟ್ಟಿಯಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದು ಚರ್ಮವನ್ನು ಕೊರೆದು ಹುಣ್ಣು ಮಾಡುತ್ತದೆ, ತುಂತುರು ಉಸಿರಿನೊಂದಿಗೆ ಹೋದರೆ ಮೂಗಿನ ನಡುಗೋಡೆಯನ್ನೇ ತೂತು ಮಾಡಬಲ್ಲದು. ಇದು ತಡವಾಗಿ ತಿಳಿದ ಸಂಗತಿಯಲ್ಲ. ಕ್ರೋಮ್ ಲೇಪ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1928ರಲ್ಲಿಯೇ, ಪ್ಲೇಟಿಂಗ್ ಕೆಲಸಗಾರರ ಆರೋಗ್ಯದ ಬಗ್ಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಪತ್ರಿಕೆಯಲ್ಲಿ ವರದಿ ಪ್ರಕಟವಾಗಿತ್ತು. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ರೂಪದ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿದ್ದು ದಶಕಗಳ ನಂತರ. ಯೂರೋಪ್ ಒಕ್ಕೂಟದಲ್ಲಿ ವಿಶೇಷ ಅನುಮತಿಯಿಲ್ಲದೆ ಇದನ್ನು ಬಳಸುವಂತಿಲ್ಲ ಎಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿಯೂ ಇದೇ ಕ್ರೋಮಿಯಂ ಕಂಡುಬಂದಿದೆ. ಕಡಿಮೆ ಅಪಾಯದ, ಮೂರು ವೇಲೆನ್ಸಿಯ ಕ್ರೋಮಿಯಂ ದ್ರಾವಣಗಳು 1970ರ ದಶಕದಿಂದಲೇ ಇವೆ. ಬಣ್ಣ ಕೊಂಚ ಬೇರೆ, ಹದ ಹಿಡಿಯುವುದು ಕಷ್ಟ ಎಂಬ ಕಾರಣಗಳಿಗೆ ಅವು ನಿಧಾನವಾಗಿ ಹರಡಿದವು.

ಯುದ್ಧ ಕಾಲದ ಎರಡು ಉತ್ತರಗಳು

ಎರಡನೇ ಮಹಾಯುದ್ಧದಲ್ಲಿ ವಿಮಾನಗಳ ಎಂಜಿನ್ನಿಗೂ ಹೊಗೆಕೊಳವೆ ಬೇಕಿತ್ತು. ಅದಕ್ಕೆ ಬೇಕಾದ ನಿಕ್ಕಲ್, ಕ್ರೋಮಿಯಂ ದುರ್ಲಭವಾಗಿದ್ದವು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ಹ್ಯಾರಿಸನ್, ಮೂರ್ ಮತ್ತು ರಿಚ್‌ಮಂಡ್ ಎಂಬ ವಿಜ್ಞಾನಿಗಳು ಸಾದಾ ಉಕ್ಕಿನ ಮೇಲೆ ತೆಳುವಾದ ಸೆರಾಮಿಕ್ ಲೇಪ ಹಾಕಿ ಅದು ಬಿಸಿಗೆ ತಾಳುವಂತೆ ಮಾಡುವ ಸಂಶೋಧನೆ ನಡೆಸಿದರು. ಎನಾಮೆಲ್ ಲೋಟದ ವಿದ್ಯೆಯೇ, ಆದರೆ ತೆಳು ಮತ್ತು ಗಟ್ಟಿ. ಇಂದು ಗಾಡಿಗಳ ಕೊಳವೆಗೆ ಹಾಕುವ ಸೆರಾಮಿಕ್ ಲೇಪಗಳು ಇದೇ ದಾರಿಯಲ್ಲಿ ಮುಂದುವರಿದವು.

ಎರಡನೆಯ ಉತ್ತರ ಸಿಲಿಕೋನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಸ್ಟ್ಯಾನ್ಲಿ ಕಿಪ್ಪಿಂಗ್ ಸಿಲಿಕಾನ್ ಸಂಯುಕ್ತಗಳ ಮೇಲೆ ಸುಮಾರು ನಾಲ್ಕು ದಶಕ ದುಡಿದರು. ಪ್ರಯೋಗದ ಪಾತ್ರೆಯ ತಳದಲ್ಲಿ ಆಗಾಗ ಉಳಿಯುತ್ತಿದ್ದ ಅಂಟು ಅವರಿಗೆ ಕಿರಿಕಿರಿಯಾಗಿತ್ತು. ಈ ಕ್ಷೇತ್ರದಲ್ಲಿ ಮುಂದೆ ಹೆಚ್ಚಿನದೇನೂ ಸಿಗಲಾರದು ಎಂಬ ಅರ್ಥದ ಮಾತನ್ನು 1937ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ಅವರೇ ಹೇಳಿದರು. ಅಷ್ಟರಲ್ಲೇ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ಫ್ರಾಂಕ್ಲಿನ್ ಹೈಡ್ ಆ ಅಂಟಿನಲ್ಲೇ ಬಿಸಿಗೆ ತಾಳುವ ಗುಣವನ್ನು ಕಂಡಿದ್ದರು. 1940ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯೂಜೀನ್ ರೋಶೋ ಅದಕ್ಕೆ ಬೇಕಾದ ಮೂಲವಸ್ತುವನ್ನು ಸುಲಭವಾಗಿ ತಯಾರಿಸುವ ವಿಧಾನ ಕಂಡುಹಿಡಿದರು.

ನನ್ನ ಗೇಟಿನ ಬಣ್ಣಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿನ ಬೆನ್ನೆಲುಬು ಇಂಗಾಲ. ಇಲ್ಲಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕ, ಅಂದರೆ ಮರಳಿನಲ್ಲಿರುವ ಅದೇ ಬಂಧ. ಇದಕ್ಕೆ ಅಲ್ಯೂಮಿನಿಯಂ ಪುಡಿ ಬೆರೆಸಿ ಬಳಿದರೆ, ಬಿಸಿಯೇರಿದಂತೆ ಇಂಗಾಲದ ಭಾಗ ಸುಟ್ಟುಹೋಗಿ ಮರಳಿನಂತಹ ಜಾಲ ಉಳಿಯುತ್ತದೆ. ಅದು ಅಲ್ಯೂಮಿನಿಯಂ ಹಳುಕುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಂಥ ಬಣ್ಣ 500 ಡಿಗ್ರಿ ದಾಟಿಯೂ ನಿಲ್ಲಬಲ್ಲದು.

ಇದೇ ಕಾಲದ ಮತ್ತೊಂದು ಉಪಾಯವೂ ಉಂಟು. ಉಕ್ಕಿನ ಹಾಳೆಯನ್ನು ಕರಗಿದ ಅಲ್ಯೂಮಿನಿಯಂನಲ್ಲಿ ಅದ್ದಿ ತೆಗೆಯುವುದು. ಹೀಗೆ ಅದ್ದಿದ ಹಾಳೆಯಿಂದ ಮಾಡಿದ ಕೊಳವೆಗೆ ಒಳಗೂ ಹೊರಗೂ ರಕ್ಷಣೆ ಸಿಗುತ್ತದೆ. ಮುಂದೆ ಕಾರುಗಳ ಸೈಲೆನ್ಸರುಗಳಿಗೆ ಇದು ಅಗ್ಗದ, ನಂಬಬಹುದಾದ ಆಯ್ಕೆಯಾಯಿತು.

ನಳಿಗೆಯಿಂದ ಕೊಳವೆಗೆ

ಮತ್ತೆ ಕ್ರೋಮಿಯಂಗೆ ಬರೋಣ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬಿಸಿ ಅನಿಲದಿಂದ ಸವೆಯದಂತೆ ಮಾಡುವ ಉಕ್ಕನ್ನು ಹುಡುಕುತ್ತಿದ್ದರು. ಸುಮಾರು 13 ಶೇಕಡಾ ಕ್ರೋಮಿಯಂ ಬೆರೆಸಿದ ಉಕ್ಕು ಆಮ್ಲಕ್ಕೂ ಜಗ್ಗದಿರುವುದನ್ನು ಕಂಡರು. ಅದರಿಂದ ಮೊದಲು ಪ್ರಸಿದ್ಧವಾದದ್ದು ಊಟದ ಚಾಕು. ಬಂದೂಕಿನ ನಳಿಗೆಯೂ ಬಿಸಿ ಅನಿಲದ ಕೊಳವೆಯೇ ತಾನೇ? ಆ ಹುಡುಕಾಟ ಊಟದ ಮೇಜಿನ ಮೇಲಿಂದ ಮತ್ತೆ ಬಿಸಿ ಕೊಳವೆಗೆ ಮರಳಲು ಅರ್ಧ ಶತಮಾನ ಬೇಕಾಯಿತು. 1960ರ ದಶಕದಲ್ಲಿ, ಸುಮಾರು 11 ಶೇಕಡಾ ಕ್ರೋಮಿಯಂ ಇರುವ 409 ಎಂಬ ಅಗ್ಗದ ಸ್ಟೇನ್‌ಲೆಸ್ ಉಕ್ಕನ್ನು ಅಮೆರಿಕದಲ್ಲಿ ಕಾರಿನ ಸೈಲೆನ್ಸರಿಗೆಂದೇ ರೂಪಿಸಿದರು.

ಅದಕ್ಕೆ ಬಲ ತಂದದ್ದು ಕಾನೂನು. 1970ರ ಅಮೆರಿಕದ ಶುದ್ಧ ಗಾಳಿ ಕಾಯಿದೆಯ ಫಲವಾಗಿ 1975ರ ಕಾರುಗಳಿಗೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ ಆರರ ನಿಯಮಗಳು ಜಾರಿಗೆ ಬಂದವು. ಕನ್ವರ್ಟರ್ ಕೆಲಸ ಆರಂಭಿಸಲು ಅದು ಸುಮಾರು 250ರಿಂದ 300 ಡಿಗ್ರಿ ಕಾಯಬೇಕು. ಆದ್ದರಿಂದ ಕೊಳವೆ ಬೇಗ ತಣ್ಣಗಾದರೆ ಸಾಕು ಎನ್ನುತ್ತಿದ್ದವರು, ಬಿಸಿಯನ್ನು ಒಳಗೇ ಕಾಪಾಡಬೇಕು ಎನ್ನತೊಡಗಿದರು. ಕೊಳವೆ ತುಕ್ಕಿಗೆ ತೂತಾದರೆ ಹೊಗೆ ಕನ್ವರ್ಟರನ್ನು ತಲುಪದೆ ಸೋರಿಹೋಗುತ್ತದೆ ಎಂಬ ಹೊಸ ಚಿಂತೆಯೂ ಸೇರಿತು.

ಇತಿಹಾಸದ ತಿರುಳು ಇಲ್ಲಿದೆ. ಮೇಲೆ ಬಳಿದ ಕ್ರೋಮಿಯಂ ಒಮ್ಮೆ ಕಿತ್ತರೆ ಮುಗಿಯಿತು. ಒಳಗೆ ಬೆರೆತ ಕ್ರೋಮಿಯಂ ಹಾಗಲ್ಲ. ಗೀರು ಬಿದ್ದ ಜಾಗದಲ್ಲೂ ಗಾಳಿಯ ಆಮ್ಲಜನಕದೊಡನೆ ಸೇರಿ ತನ್ನ ಪೊರೆಯನ್ನು ತಾನೇ ಮತ್ತೆ ಬೆಳೆಸಿಕೊಳ್ಳುತ್ತದೆ, ನಮ್ಮ ಗಾಯ ಮಾಯುವ ಹಾಗೆ. 409 ಉಕ್ಕು ನೋಡಲು ಚೆಲುವಲ್ಲ. ಹೊರಗೆ ಕಂದು ಕಲೆ ಬೀಳುತ್ತದೆ. ಆದರೆ ತೂತಾಗಲು ಬಹಳ ಕಾಲ ಬೇಕು. ಲೋಹ ಒಂದೇ, ಇಟ್ಟ ಜಾಗ ಬೇರೆ. ಈ ಲೋಹದ ಅದಿರನ್ನು ನಮ್ಮ ಹಾಸನ ಜಿಲ್ಲೆಯ ಬೈರಾಪುರದ ಗಣಿಗಳಿಂದಲೂ ತೆಗೆದಿದ್ದಾರೆ ಎಂಬುದು ನಿಮ್ಮ ನೆನಪಿನಲ್ಲಿರಲಿ.

ಹಾಗಾದರೆ ಆಯ್ಕೆ ಹೇಗೆ?

ಬಣ್ಣದ ಡಬ್ಬಿ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಈ ಭಾಗ ಎಷ್ಟು ಕಾಯುತ್ತದೆ? ಇಲ್ಲಿ ನೀರು ನಿಲ್ಲುತ್ತದೆಯೇ? ಕಲ್ಲು, ಕಾಲು ತಗಲುತ್ತವೆಯೇ? ಈ ಲೇಪವನ್ನು ಯಾರು, ಹೇಗೆ ಹಾಕುತ್ತಾರೆ?

ಎಂಜಿನ್ನಿನ ಬುಡಕ್ಕೆ ಸ್ಟೇನ್‌ಲೆಸ್ ಉಕ್ಕು ಅಥವಾ ಸೆರಾಮಿಕ್ ಲೇಪ ಒಪ್ಪುತ್ತದೆ. ಸೈಲೆನ್ಸರಿನ ಮೈಗೆ ಸಿಲಿಕೋನ್ ಬಣ್ಣ ಸಾಕು. ಹಳೆಯ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಜಿಡ್ಡು ತೆಗೆದು, ತೆಳುವಾಗಿ ಬಳಿಯಿರಿ. ಚೆನ್ನಾಗಿ ಆರಿದ ಮೇಲೆ ಎಂಜಿನ್ನನ್ನು ಮೊದಲು ಸ್ವಲ್ಪ ಹೊತ್ತು, ಆಮೇಲೆ ಇನ್ನೂ ಸ್ವಲ್ಪ ಹೊತ್ತು ಓಡಿಸಿ, ಹಂತಹಂತವಾಗಿ ಕಾಯಿಸಿ. ಬಿಸಿ ತಗಲಿದ ಮೇಲೆಯೇ ಈ ಬಣ್ಣ ಗಟ್ಟಿಯಾಗುವುದು. ಎಷ್ಟು ಬಳಿದರೂ ಒಳಗಿನ ತುಕ್ಕಿಗೆ ಅದು ಮದ್ದಲ್ಲ ಎಂಬುದನ್ನು ಮರೆಯಬೇಡಿ. ಆಗಾಗ ಗಾಡಿಯನ್ನು ದೂರ ಓಡಿಸಿ ನೀರನ್ನು ಆವಿಯಾಗಲು ಬಿಡುವುದೇ ಅದಕ್ಕೆ ಮದ್ದು.

ಕ್ರೋಮ್ ಬೇಕೇ ಬೇಕು ಎನ್ನುವವರು ಅಂಗಡಿಯವರನ್ನು ಬೆಲೆ ಕೇಳುವಾಗಲೇ ಇನ್ನೆರಡು ಮಾತು ಕೇಳಲಿ. ತೊಟ್ಟಿಯ ತುಂತುರನ್ನು ಹೀರಿಕೊಳ್ಳುವ ಫ್ಯಾನ್ ಇದೆಯೇ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಗಿರಾಕಿ ಕೇಳದಿದ್ದರೆ ಯಾರು ಕೇಳಬೇಕು?

ಅಪ್ಪನ ಗಾಡಿ ಇಂದಿಗೂ ನಮ್ಮ ಮನೆಯಲ್ಲಿದೆ. ಅದರ ಸೈಲೆನ್ಸರಿಗೆ ಈಗ ಬೂದು ಬಣ್ಣದ ಸಿಲಿಕೋನ್ ಲೇಪವಿದೆ. ಮಿರುಗುವುದಿಲ್ಲ. ನೋಡಿದವರು "ಕ್ರೋಮ್ ಮಾಡಿಸಬಾರದಿತ್ತೇ?" ಎನ್ನುತ್ತಾರೆ. ಆಗ ನನಗೆ ಬೆನ್ನ ಹಿಂದೆ ಅಡಗಿದ ಆ ಎರಡು ಕೈಗಳು ನೆನಪಾಗುತ್ತವೆ.